ಎರಡು ಬೆನ್ನು, ಒಂದು ಮೀನು

ಕ್ಯೋಟೊ, ಉಝುಮಸ
3 ಮಾರ್ಚ್ 1970

ಹಿಸಾನೊ ಅವರಿಗೆ,

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿದ್ದು ಎದ್ದು ಕುಳಿತವನು ಆಮೇಲೆ ಮಲಗಲೇ ಇಲ್ಲ. ಕನಸಿನಲ್ಲಿ ನನ್ನ ಮಗ ತಮೋತ್ಸು ಸ್ಟುಡಿಯೋದ ಬಣ್ಣದ ಕೋಣೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿದ್ದಾನೆ. ನಟರ ಬೆನ್ನಿಗೆ ಬರೆದ ಬಣ್ಣದ ಹಚ್ಚೆಯನ್ನು ಚಿತ್ರೀಕರಣ ಮುಗಿದ ಮೇಲೆ ಒರೆಸುವಂತೆ ನಾನು ಬಿಸಿನೀರಿನ ಬಟ್ಟೆಯಿಂದ ಅವನ ಬೆನ್ನಿನ ಹಚ್ಚೆ ಒರೆಸುತ್ತಿದ್ದೇನೆ. ಬಣ್ಣ ಬಿಡುತ್ತಿಲ್ಲ. ಉಜ್ಜುತ್ತೇನೆ, ಇನ್ನೂ ಉಜ್ಜುತ್ತೇನೆ, ಬೋಗುಣಿಯ ನೀರು ಕೆಂಪಾಗುತ್ತದೆ, ಅದು ನನ್ನ ಬಣ್ಣದ ಕೆಂಪೋ ಬೇರೆಯದೋ ತಿಳಿಯುವುದಿಲ್ಲ. ಅವನು ತಲೆ ಎತ್ತದೆಯೇ, "ಬಿಡಪ್ಪಾ, ಅದು ಹೋಗಲ್ಲ" ಅನ್ನುತ್ತಾನೆ.

ಕನಸನ್ನೆಲ್ಲ ಕಾಗದದಲ್ಲಿ ಬರೆಯಬಾರದೇನೋ. ನಾನು ಶಾಲೆ ಬಿಟ್ಟದ್ದು ನಾಲ್ಕನೇ ತರಗತಿಯಲ್ಲಿ. ಮೊದಲು ಹವೆ ಕೇಳಬೇಕು, ಆಮೇಲೆ ಆರೋಗ್ಯ, ಆಮೇಲೆ ವಿಷಯ ಎಂದು ನೀವೇ ಒಮ್ಮೆ ಹೇಳಿಕೊಟ್ಟಿದ್ದಿರಿ. ಮಿಯಾಝುವಿನಲ್ಲಿ ಇನ್ನೂ ಹಿಮವಿದೆಯೇ? ಮಂಡಿ ನೋವು ಹೇಗಿದೆ? ಅಕ್ಕನ ಮನೆಯಲ್ಲಿ ಹೊಂದಿಕೊಂಡಿರೇ? ಇನ್ನು ವಿಷಯ.

ಹೋದ ತಿಂಗಳು ಇಪ್ಪತ್ತಕ್ಕೆ ತಮೋತ್ಸುವಿಗೆ ಹನ್ನೊಂದು ವರ್ಷ ಶಿಕ್ಷೆಯಾಯಿತು. ಪತ್ರಿಕೆಯಲ್ಲಿ ಓದಿರಬಹುದು. ಅವನು ಒಸಾಕಾದ ಆ ರೌಡಿಗಳ ಗುಂಪಿಗೆ ಸೇರಿ ಒಂದು ವರ್ಷವಾಗಿತ್ತು. ಅಕ್ಟೋಬರ್ ಹದಿನಾರರ ಮಧ್ಯಾಹ್ನ ಮೂರೂವರೆಗೆ ಒಸಾಕಾದ ಬಿಲಿಯರ್ಡ್ಸ್ ಅಂಗಡಿಯೊಂದರಲ್ಲಿ ಎದುರು ಗುಂಪಿನವನನ್ನು ಇರಿದು ಕೊಂದೆ ಎಂದು ಮರುದಿನ ಬೆಳಿಗ್ಗೆ ತಾನೇ ಚೂರಿ ಹಿಡಿದುಕೊಂಡು ಠಾಣೆಗೆ ಹೋಗಿ ಹೇಳಿದ. ಎಲ್ಲರೂ ನಂಬಿದರು. ನಾನೂ ನಂಬಿದೆ. ನಮ್ಮ ಕೆಲಸದಲ್ಲಿ ವಾರವೂ ಇಲ್ಲ ತಾರೀಖೂ ಇಲ್ಲ, ದೃಶ್ಯದ ಸಂಖ್ಯೆ ಮಾತ್ರ. ಕೊಲೆಯ ತಾರೀಖು ನನಗೆ ತಿಳಿದದ್ದೇ ವಾರಗಳ ಮೇಲೆ, ಆಗ ಹದಿನಾರು ಎಂದರೆ ಯಾವ ದಿನ ಎಂಬುದೇ ಹೊಳೆಯಲಿಲ್ಲ. ಹೊಸ ವರ್ಷಕ್ಕೆ ನಮ್ಮ ಚಿತ್ರ ತೆರೆಕಂಡಾಗ ಸೆನ್ಬೊನ್ ಬೀದಿಯ ಚಿತ್ರಮಂದಿರದಲ್ಲಿ ಕುಳಿತಿದ್ದೆ. ಜಲಪಾತ ಹತ್ತುವ ಗೆಂಡೆ ಮೀನಿನ ಹಚ್ಚೆಯಿದ್ದ ಬೆನ್ನು ತೆರೆಯ ಮೇಲೆ ಬಂತು. ಆಗ ಹೊಳೆಯಿತು. ಆ ಬೆನ್ನನ್ನು ತೆಗೆದದ್ದು ಅವನು ಠಾಣೆಗೆ ಹೋದ ಹಿಂದಿನ ದಿನವೇ ಅಲ್ಲವೇ? ಆ ಬೆನ್ನು ತಮೋತ್ಸುವಿನದು, ಹಿಸಾನೊ ಅವರೇ.

ತೀರ್ಪಿನ ತನಕ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀರಿ. ಅದನ್ನು ಈಗ ಬರೆಯಲಾರೆ.

ನೀವು ಇಪ್ಪತ್ತಾರು ವರ್ಷ ಕ್ಯಾಮೆರಾದ ಪಕ್ಕ ಕುಳಿತು ಪ್ರತಿ ಶಾಟನ್ನೂ ಬರೆದಿಟ್ಟವರು. ಯಾವ ಪುಸ್ತಕವನ್ನೂ ಎಸೆದವರಲ್ಲ. ಆ ಬೆನ್ನನ್ನು ತೆಗೆದ ತಾರೀಖು, ಗಂಟೆ ನೋಡಿ ತಿಳಿಸಿ. ಗಂಟೆ ಮುಖ್ಯ. ತಾರೀಖೂ ಮುಖ್ಯ.

ಈ ಕಾಗದವನ್ನು ಓದಿ ಸುಟ್ಟುಬಿಡಿ. ಬೇಡ, ಇಟ್ಟಿರಿ.

ಇಂತು ನಿಮ್ಮ,
ನಿಶಿವಾಕಿ ತೊಕುಜಿ


ಮಿಯಾಝು
11 ಮಾರ್ಚ್ 1970

ಹಚ್ಚೆ ಮೇಷ್ಟ್ರಿಗೆ,

ಹಿಮ ಇದೆ. ಮಂಡಿಯೂ ಇದೆ. ಅಕ್ಕ ಮೂರು ಹೊತ್ತು ಒಣಮೀನು ಬಡಿಸಿ, ನಾನು ಸಿನಿಮಾದವರ ಜೊತೆ ಸೇರಿ ಕೆಟ್ಟೆ ಎಂದು ಬುದ್ಧಿ ಹೇಳುತ್ತಾಳೆ.

ನಿಮ್ಮ ಕಾಗದ ಓದಿ ಪುಸ್ತಕಗಳ ಪೆಟ್ಟಿಗೆ ಇಳಿಸಿದೆ. ಅಕ್ಟೋಬರ್ 16, ಗುರುವಾರ. ದೃಶ್ಯ 87, ನಾಲ್ಕನೇ ಶಾಟ್. ಮಧ್ಯಾಹ್ನ 3.40. ಯುವಕ ನಿಲುವಂಗಿಯನ್ನು ಭುಜದಿಂದ ಜಾರಿಸಿ ಶತ್ರುಗಳಿಗೆ ಬೆನ್ನು ತೋರಿಸಿ ನಿಲ್ಲುವುದು, ಎಡ ಸೊಂಟಕ್ಕೆ ಏಟು, ಮಂಡಿಯೂರುವುದು. ಹಾಗೆಂದು ಬರೆದಿದ್ದೇನೆ.

ಹೆಸರು ಬರೆದಿಲ್ಲ. "ಬೆನ್ನಿನವನು" ಎಂದಷ್ಟೇ ಇದೆ. ತೆರೆಯ ಮೇಲೆ ಸಾಯುವುದಕ್ಕೆಂದೇ ಬರುವ ಹುಡುಗರ ಹೆಸರನ್ನು ನಾನು ಎಂದೂ ಬರೆದವಳಲ್ಲ. ಸ್ಟುಡಿಯೋದ ಹಾಜರಿ ಪುಸ್ತಕದಲ್ಲಿ ಆ ದಿನ ಅಂಥವರಲ್ಲೊಬ್ಬನಾದ ಓಗುರನ ಹೆಸರಿದ್ದದ್ದು ನನಗೆ ನೆನಪಿದೆ. ನೀವು ತಮೋತ್ಸು ಅನ್ನುತ್ತೀರಿ. ಅವನು ಅಲ್ಲಿಗೆ ಹೇಗೆ ಬಂದ?

ಇನ್ನೊಂದು. ಅವನು ಕೊಲ್ಲಲಿಲ್ಲ ಎಂದಾದರೆ ಕೊಂದವರು ಯಾರು? ಅದನ್ನು ಅವನೇ ಯಾಕೆ ಹೇಳುತ್ತಿಲ್ಲ? ನಿಮ್ಮ ಕಾಗದದಲ್ಲಿ ಹೇಳದೆ ಬಿಟ್ಟದ್ದೇ ಜಾಸ್ತಿ ಇದೆ. ಹೆದರಬೇಡಿ, ಇದನ್ನು ಓದುವವಳು ನಾನೊಬ್ಬಳೇ. ಅಕ್ಕನಿಗೆ ಕಣ್ಣು ಮಂಜು.

ನಿಮ್ಮ,
ಹಿಸಾನೊ


ಕ್ಯೋಟೊ
2 ಏಪ್ರಿಲ್ 1970

ಹಿಸಾನೊ ಅವರಿಗೆ,

3.40 ಎಂಬ ಅಂಕಿಯನ್ನು ಎಷ್ಟು ಸಲ ನೋಡಿದೆನೋ. ಒಸಾಕಾದಲ್ಲಿ ಮೂರೂವರೆ, ಇಲ್ಲಿ ಮೂರು ನಲವತ್ತು. ಹತ್ತು ನಿಮಿಷದಲ್ಲಿ ಯಾವ ರೈಲೂ ಬರುವುದಿಲ್ಲ. ಬರುತ್ತದೆಯೇ? ಇಲ್ಲ. ನಿಲ್ದಾಣದಲ್ಲಿ ವೇಳಾಪಟ್ಟಿ ನೋಡಿ ಬಂದೆ.

ಆ ದಿನದ ವಿಷಯ ಬರೆಯುತ್ತೇನೆ. ಬೆಳಿಗ್ಗೆ ಓಗುರ ಹಾಜರಿ ಹಾಕಿ ಹೊಟ್ಟೆನೋವೆಂದು ವಸತಿಗೆ ಹೋಗಿ ಮಲಗಿದ. ಸಹಾಯಕ ನಿರ್ದೇಶಕರು ಅಂಗಳದಲ್ಲಿ ನಿಂತು ಕೂಗುತ್ತಿದ್ದರು, "ಯಾರದಾದ್ರೂ ಒಂದು ಬೆನ್ನು ಬೇಕ್ರಪ್ಪಾ, ಮುಖ ಹೆಂಗಿದ್ರೂ ಆಯ್ತು." ತಮೋತ್ಸು ಗೇಟಿನ ಹತ್ತಿರ ಸಿಗರೇಟು ಸೇದುತ್ತ ನಿಂತಿದ್ದ. ಅವನು ಹಾಗೆ ಬಂದು ನಿಲ್ಲುವುದಿತ್ತು, ನನ್ನನ್ನು ಮಾತಾಡಿಸುವುದಕ್ಕೆ ಅಲ್ಲ, ಹಳೆಯ ಜಾಗ ಅಂತ. "ನಂದಿದೆಯಲ್ಲ" ಅಂದ.

ಬಣ್ಣದ ಕೋಣೆಯಲ್ಲಿ ಅಂಗಿ ಬಿಚ್ಚಿದ. ಬೆನ್ನ ಮೇಲೆ ನಿಜವಾದ ಹಚ್ಚೆ ಇತ್ತು, ಹಿಸಾನೊ ಅವರೇ. ಗೆರೆ ಮಾತ್ರ. ಒಳಗೆ ಬಣ್ಣ ತುಂಬಿರಲಿಲ್ಲ. ಕತ್ತಿನಿಂದ ಸೊಂಟದ ತನಕ ಗೆಂಡೆ ಮೀನು, ಎದುರಿಗೆ ಬೀಳುವ ನೀರು. ಸೂಜಿಯ ಗೆರೆ ನೀರಿಗೂ ಹೋಗುವುದಿಲ್ಲ, ಎಣ್ಣೆಗೂ ಹೋಗುವುದಿಲ್ಲ. ಅವನು ನನ್ನ ಬೈಗುಳಕ್ಕೆ ಕಾದಂತೆ ಕತ್ತು ಬಿಗಿಮಾಡಿ ಮಲಗಿದ. ನಾನು ಬೈಯಲಿಲ್ಲ. ಬೈಯಬೇಕಿತ್ತು. ಹೊತ್ತಾಗಿತ್ತು, ಮಧ್ಯಾಹ್ನಕ್ಕೆ ಬೆನ್ನು ತಯಾರಾಗಬೇಕಿತ್ತು. ಕುಂಚ ಅದ್ದಿ, ಆ ಸೂಜಿಯವನು ಬಿಟ್ಟ ಜಾಗದಲ್ಲಿ ಬಣ್ಣ ತುಂಬುತ್ತ ಹೋದೆ. ಐದು ತಾಸು. ಅವನು ಆರು ವರ್ಷದವನಾಗಿದ್ದಾಗ ಸ್ನಾನ ಮಾಡಿಸಿದ್ದೇ ಕೊನೆ, ಅಷ್ಟು ಹೊತ್ತು ನಾನು ಮಗನ ಮೈ ಮುಟ್ಟಿರಲಿಲ್ಲ. ಒಮ್ಮೆ "ತಣ್ಣಗಿದ್ಯಾ?" ಅಂದೆ. "ಕಚಗುಳಿ ಆಗತ್ತೆ" ಅಂದ. ಅಷ್ಟೇ ನಮ್ಮ ಮಾತು.

ಕೊಂದವನು ಕುಜೆ, ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಗುಂಪಿನಲ್ಲಿ ತಮೋತ್ಸು ಅವನನ್ನೇ ಅಣ್ಣ ಎಂದು ಒಪ್ಪಿಕೊಂಡದ್ದು, ಬಟ್ಟಲು ಬದಲಿಸಿ ಕುಡಿದದ್ದು. ಕುಜೆಯ ಹೆಂಡತಿ ಆಗ ಬಾಣಂತಿ. ಗುಂಪಿನ ಯಜಮಾನರು ಯಾರನ್ನಾದರೂ ಒಬ್ಬನನ್ನು ಒಪ್ಪಿಸಬೇಕಿತ್ತು. ಹೆಂಡತಿ ಮಕ್ಕಳಿಲ್ಲದವನು ನಮ್ಮವನು.

ಜನವರಿಯಲ್ಲಿ ಚಿತ್ರ ನೋಡಿದ ಮರುದಿನವೇ ಅವನನ್ನು ನೋಡಲು ಒಸಾಕಾಕ್ಕೆ ಹೋಗಿದ್ದೆ. ಜಾಲರಿಯ ಆಚೆ ಅವನು, ಪಕ್ಕದಲ್ಲಿ ಕಾವಲಿನವನು ನಮ್ಮ ಮಾತನ್ನೆಲ್ಲ ಬರೆದುಕೊಳ್ಳುತ್ತ ಕುಳಿತಿದ್ದ. ನಾನು ಚಿತ್ರ ನೋಡಿದೆ ಅಂದೆ.

"ಬೆನ್ನು ಚೆನ್ನಾಗಿ ಬಂದಿದ್ಯಾ?" ಎಂದು ಕೇಳಿದ.

"ಬಂದಿದೆ. ಅದನ್ನ ಇನ್ನೂ ಕೆಲವರಿಗೆ ತೋರಿಸ್ಬೇಕು ಅಂತಿದೀನಿ. ಕರಿಕೋಟು ಹಾಕಿದವ್ರಿಗೆ."

ಅವನು ನಕ್ಕ. "ಯಾರಿಗೂ ತೋರಿಸ್ಬೇಡ. ಅಮ್ಮ ಸತ್ತಾಗ ನೀನೆಲ್ಲಿದ್ದೆ?"

"ಸ್ಟುಡಿಯೋದಲ್ಲಿ. ಮೂರು ಬೆನ್ನು ಬಾಕಿ ಇತ್ತು. ನಿಂಗೂ ಗೊತ್ತು."

"ಗೊತ್ತು. ನಿನ್ನ ಕೆಲಸ ನೀನು ಬಿಡ್ಲಿಲ್ಲ. ಹೆಣದ ಪಕ್ಕ ನನ್ನ ಜೊತೆ ಕೂತೋನು ಕುಜೆ ಅಣ್ಣ. ಆಗ ಅವನಿಗೆ ನಾನು ಯಾರೂ ಅಲ್ಲ, ಪಕ್ಕದ ಬೀದಿ ಹುಡುಗ. ನನ್ನ ಕೆಲಸ ನಾನೂ ಬಿಡಲ್ಲ ಅಪ್ಪಾ. ಬಾಯಿ ಬಿಟ್ಯೋ, ಇನ್ಮೇಲೆ ಇಲ್ಲಿಗೆ ಬರ್ಬೇಡ."

ಕಾವಲಿನವನು ತಲೆ ಎತ್ತಿ ನೋಡಿ ಮತ್ತೆ ಬರೆದುಕೊಂಡ. ತೀರ್ಪಿನ ತನಕ ನಾನು ಬಾಯಿ ಬಿಡದೆ ಇದ್ದದ್ದು ಆ ಮಾತಿಗೆ. ಐದು ವರ್ಷವೋ ಆರು ವರ್ಷವೋ ಆದೀತು ಎಂದುಕೊಂಡಿದ್ದೆ. ಹನ್ನೊಂದು ಅಂದರು. ಅವನು ಹೊರಬರುವಾಗ ನಾನಿರುತ್ತೇನೋ ಇಲ್ಲವೋ.

ಗುಂಪಿನ ವಕೀಲರು ಶಿಕ್ಷೆ ಕಡಿಮೆ ಮಾಡಿ ಎಂದು ಮೇಲಿನ ಕೋರ್ಟಿಗೆ ಹಾಕಿದ್ದಾರೆ. ಹೆತ್ತವರು ಬೇರೆ ವಕೀಲರನ್ನು ಇಡಬಹುದಂತೆ. ಮಿಝುನೊ ಎಂಬ ಎಳೆಯ ವಕೀಲರೊಬ್ಬರು ಸಿಕ್ಕಿದ್ದಾರೆ. ಚಿತ್ರವನ್ನು ಜಡ್ಜರಿಗೆ ತೋರಿಸೋಣ, ಆ ಬೆನ್ನಿನ ಗೆರೆಯೂ ಮಗನ ಬೆನ್ನಿನ ಗೆರೆಯೂ ಒಂದೇ ಎಂದು ತೋರಿಸಿದರೆ ಸಾಕು ಅನ್ನುತ್ತಾರೆ. ನಾನು ಆರು ಸಲ ಚಿತ್ರ ನೋಡಿ ಬಂದೆ. ಬೆನ್ನು ತೆರೆಯ ಮೇಲೆ ಇರುವುದು ಒಂಬತ್ತು ಎಣಿಸುವಷ್ಟು ಹೊತ್ತು. ಹೋದ ಸಲ ಹಿಂದಿನ ಸಾಲಿನ ಗಾರೆ ಕೆಲಸದವನೊಬ್ಬ, "ನೋಡ್ರಲೇ, ಗಂಡಸು ಅಂದ್ರೆ ಅವ್ನು" ಅಂದ. ನನ್ನ ಮಗ ಎಂದು ಹೇಳಲು ಬಾಯಿಗೆ ಬಂದಿತ್ತು. ಒಂದು ಕ್ಷಣ, ನಾಚಿಕೆ ಬಿಟ್ಟು ಬರೆಯುತ್ತೇನೆ, ಹೆಮ್ಮೆಯೂ ಆಯಿತು.

ಪುಸ್ತಕ ಜೋಪಾನ. ಇಲಿ ಇಲ್ಲವಷ್ಟೇ?

ಇಂತು,
ತೊಕುಜಿ


ಮಿಯಾಝು
19 ಏಪ್ರಿಲ್ 1970

ತೊಕುಜಿ ಅವರಿಗೆ,

ಇದನ್ನು ಬರೆಯಲು ಹತ್ತು ದಿನ ಹಿಂದೆಮುಂದೆ ನೋಡಿದೆ.

ನೀವು ಗಂಟೆ ಕೇಳಿದಿರಿ, ಗಂಟೆ ಹೇಳಿದೆ. ನಿಮ್ಮ ಎರಡನೇ ಕಾಗದ ಬಂದ ಮೇಲೆ ಪುಟವನ್ನು ಪೂರ್ತಿ ಓದಿದೆ. ಹದಿನಾರರಂದು ಎರಡು ಸಲ ತೆಗೆದಿದ್ದಾರೆ. ಏಟು ಬಿದ್ದಾಗ ರಕ್ತದ ಬಣ್ಣ ಮೀನಿನ ಬಾಲದ ಮೇಲೆ ಹರಿದು ಹಚ್ಚೆ ಮುಚ್ಚಿಹೋಗಿದೆ ಎಂದು ನಿರ್ದೇಶಕರು ಮುಖ ಸಿಂಡರಿಸಿದರು. ಹದಿನೇಳರ ಮಧ್ಯಾಹ್ನ ಮತ್ತೆ ಮೂರು ಸಲ ತೆಗೆದಿದ್ದಾರೆ. ಆ ಹೊತ್ತಿಗೆ ತಮೋತ್ಸು ಠಾಣೆಯಲ್ಲಿದ್ದ. ಎರಡನೇ ದಿನದ ಬೆನ್ನು ಓಗುರನದೇ, ಅವನು ಗುಣವಾಗಿ ಬಂದಿದ್ದ. ನಿಮಗೆ ಇದು ನೆನಪಿಲ್ಲವೆಂದರೆ ನಂಬುವುದು ಕಷ್ಟ. ಆದರೆ ಅಂದು ಬೆಳಿಗ್ಗೆಯೇ ನಿಮಗೆ ಠಾಣೆಯಿಂದ ಸುದ್ದಿ ಬಂದಿತ್ತು. ಆದರೂ ಕುಂಚ ಹಿಡಿದು ಕುಳಿತಿದ್ದಿರಿ. ಆ ದಿನ ನೀವು ಏನು ಮಾಡುತ್ತಿದ್ದೀರೆಂದು ನಿಮಗೇ ತಿಳಿದಿರಲಿಕ್ಕಿಲ್ಲ. ಎಡ ಪಕ್ಕೆಯ ಹತ್ತಿರ ಮೀನಿನ ನಾಲ್ಕು ಹುರುಪೆ ಕಡಿಮೆ ಇವೆ, ನಿನ್ನೆಯ ಹಾಗೇ ಇರಬೇಕು ಎಂದು ನಿಮ್ಮಿಂದ ಮತ್ತೆ ಬರೆಸಿದವಳು ನಾನೇ. ಅದೂ ಇಲ್ಲಿ ಬರೆದಿದೆ.

ಚಿತ್ರಕ್ಕೆ ಆರಿಸಿಕೊಂಡ ತುಣುಕಿನ ಸಂಖ್ಯೆಯ ಮುಂದೆ ಪುಸ್ತಕದಲ್ಲಿ ನಾನು ಒಂದು ಸುತ್ತು, ದುಂಡು ಗುರುತು, ಹಾಕುತ್ತಿದ್ದೆ. ಸುತ್ತು ಇರುವುದು ಹದಿನೇಳರ ಎರಡನೇ ಸಲದ ಮುಂದೆ. ನೀವು ಆರು ಸಲ ನೋಡಿ ಬಂದದ್ದು ಓಗುರನ ಬೆನ್ನು.

ಹದಿನಾರರ ಫಿಲ್ಮು ಉಳಿದಿರುವುದಿಲ್ಲ. ಬೇಡದ್ದನ್ನು ಎರಡು ತಿಂಗಳಿಗೆ ಎಸೆಯುತ್ತಾರೆ.

ನಾನೇ ಬಂದು ಸಾಕ್ಷಿ ಹೇಳಿದರೆ ಎಂದು ನಿಮಗೆ ಅನಿಸಿರಬಹುದು. ಕಣ್ಣು ಮುಚ್ಚಿ ನೆನೆಸಿಕೊಂಡೆ. ಆ ಶಾಟಿನ ನಿಲುವಂಗಿಯ ಮಡಿಕೆ ನೆನಪಿದೆ, ಯಾವ ಕಾಲು ಮುಂದಿತ್ತು ಎಂಬುದು ನೆನಪಿದೆ, ಮೀನಿನ ಬಾಲದ ಒದ್ದೆ ನೆನಪಿದೆ. ಮುಖ ನೆನಪಿಲ್ಲ. ಕ್ಯಾಮೆರಾ ನೋಡದ ಮುಖವನ್ನು ನಾನೂ ನೋಡುವುದಿಲ್ಲ. ಅವನನ್ನು ಹಾಲು ಹಲ್ಲಿನಿಂದ ಬಲ್ಲವಳು ನಾನು, ನನ್ನಿಂದ ಆರಡಿ ದೂರದಲ್ಲಿ ನಿಂತಿದ್ದನಂತೆ, ನೋಡಲಿಲ್ಲ. ಇದು ನನ್ನನ್ನು ತಿನ್ನುತ್ತಿದೆ. ಆದರೂ ನೋಡಿದೆ ಎಂದು ಆಣೆ ಮಾಡಲಾರೆ.

ನಿಮ್ಮ ಮಾತನ್ನು ನಾನು ನಂಬುತ್ತೇನೆ. ಅದು ಬೇರೆ.

ಹಿಸಾನೊ


ಕ್ಯೋಟೊ
8 ಜೂನ್ 1970

ಹಿಸಾನೊ ಅವರಿಗೆ,

ಐವತ್ತು ದಿನ ನಿಮಗೆ ಉತ್ತರ ಬರೆಯಲಿಲ್ಲ. ಕೋಪದಿಂದಲ್ಲ. ನಿಮ್ಮ ಕಾಗದ ಬಂದ ದಿನ ಮತ್ತೆ ಸೆನ್ಬೊನ್‌ಗೆ ಹೋದೆ, ಅಲ್ಲಿ ಬೇರೆ ಚಿತ್ರ ಬಂದಿತ್ತು. ಮಗನ ಬೆನ್ನು ನನಗೆ ಗೊತ್ತಾಗಲಿಲ್ಲವೇ? ಯಾರಾದರೂ ನಂಬುತ್ತಾರೆಯೇ? ಐದು ತಾಸು ಮುಟ್ಟಿದ ಬೆನ್ನು.

ಮೇ ತಿಂಗಳಲ್ಲಿ ಕುಜೆ ಬಂದ. ಒಬ್ಬನೇ, ಕೈಯಲ್ಲಿ ಹುರುಳಿ ಮಿಠಾಯಿಯ ಪೆಟ್ಟಿಗೆ. ಬಾಗಿಲಲ್ಲೇ ಮಂಡಿಯೂರಿ ಹಣೆಯನ್ನು ಚಾಪೆಗೆ ಒತ್ತಿದ. ನನ್ನನ್ನು ಅಪ್ಪ ಎಂದು ಕರೆದ.

"ನೀವು ವಕೀಲ್ರನ್ನ ಇಟ್ಟಿದೀರಿ ಅಂತ ಕೇಳ್ದೆ. ನಿಲ್ಸಿ ಅಂತ ಹೇಳಕ್ಕೆ ಬಂದಿಲ್ಲ ಅಪ್ಪಾ. ತಮೋತ್ಸು ಋಣ ನನ್ನ ಪ್ರಾಣ ಇರೋ ತನಕ ತೀರಲ್ಲ. ಅವನು ಹೊರಗೆ ಬರೋ ದಿನ ಜೈಲು ಬಾಗ್ಲಲ್ಲಿ ನೂರು ಜನ ಸಾಲಾಗಿ ನಿಂತಿರ್ತೀವಿ. ಕೊಡೆ ಹಿಡಿಯೋನು ನಾನೇ."

ಇಂಥ ಮಾತನ್ನು ನಾನು ಬಣ್ಣದ ಕೋಣೆಯ ತೆಳುಗೋಡೆಯ ಆಚೆಯಿಂದ ಸಾವಿರ ಸಲ ಕೇಳಿದ್ದೇನೆ. ನಾಯಕನಟರು ಕನ್ನಡಿ ನೋಡಿಕೊಂಡು ಅಭ್ಯಾಸ ಮಾಡುತ್ತಾರೆ. ಕುಜೆ ಅಭ್ಯಾಸ ಮಾಡಿದ ಹಾಗೆ ಕಾಣಲಿಲ್ಲ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಅಷ್ಟೆಲ್ಲ ಯಾಕಪ್ಪಾ," ಅಂದೆ. "ಹೊರಗೆ ಇವತ್ತು ಮಳೆ ಇಲ್ಲ. ಟ್ರಾಮ್ ಹತ್ತಿ ಠಾಣೆಗೆ ಹೋಗು. ನಾನೇ ಅಂತ ಹೇಳ್ಬಿಡು. ಮುಗೀತು."

ಅವನು ಹಣೆ ಎತ್ತಲಿಲ್ಲ. ಚಾಪೆಗೇ ಹೇಳುವ ಹಾಗೆ, "ಯಜಮಾನ್ರ ಮಾತು ಮೀರಕ್ಕಾಗಲ್ಲ," ಅಂದ. ಎದ್ದು ಹೋಗುವಾಗ ಬೂಟು ಹಾಕಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು, ಲಾಡಿ ಕೈಗೆ ಸಿಗುತ್ತಿರಲಿಲ್ಲ. ನಾನು ಬಾಗಿ ಕಟ್ಟಿಕೊಡಬೇಕೆಂದು ಹೊರಟವನು ತಡೆದುಕೊಂಡೆ. ಮಿಠಾಯಿ ಹಾಗೇ ಇದೆ. ಎಸೆಯಲೂ ಆಗುವುದಿಲ್ಲ, ತಿನ್ನಲೂ ಆಗುವುದಿಲ್ಲ.

ಸಾಕ್ಷಿ ಹೇಳಿ ಎಂದು ಸ್ಟುಡಿಯೋದವರನ್ನೂ ಕೇಳಿದೆ. ಆ ದಿನ ಮೂವತ್ತು ಜನ ಇದ್ದರಲ್ಲ. ಹೊರಾಂಗಣ ಚಿತ್ರೀಕರಣಕ್ಕೆ ಜನ ತಡೆಯುವವರು ಅದೇ ಗುಂಪಿನವರು ಎಂಬುದು ನಿಮಗೂ ಗೊತ್ತು. ನಟರಿಗೆ ಕತ್ತಿ ವರಸೆ ಕಲಿಸುವ ಮುದುಕ ನನ್ನ ಹೆಗಲ ಮೇಲೆ ಕೈಯಿಟ್ಟು, "ತೊಕು ಅಣ್ಣಾ, ನಾವು ನೋಡಿದ್ದು ಬೆನ್ನು. ಬೆನ್ನಿಗೆ ಹೆಸರಿರತ್ತಾ?" ಅಂದ. ಓಗುರನಂತೂ ನನ್ನನ್ನು ಕಂಡರೆ ಊಟದ ತಟ್ಟೆ ಬಿಟ್ಟು ಏಳುತ್ತಾನೆ.

ಮೇಲಿನ ಕೋರ್ಟಿನ ವಿಚಾರಣೆ ಈ ತಿಂಗಳ ನಾಲ್ಕನೇ ತಾರೀಖು ಆಯಿತು. ಒಸಾಕಾದ ರೈಲಿನಲ್ಲಿ ಅಲ್ಲಿನ ಜಾಗತಿಕ ವಸ್ತುಪ್ರದರ್ಶನದ ಮೇಳ ನೋಡಲು ಹೊರಟ ಮಕ್ಕಳು ಕಾಗದದ ಬಾವುಟ ಆಡಿಸುತ್ತಿದ್ದರು, ನಿಲ್ಲಲು ಜಾಗವಿರಲಿಲ್ಲ. ಕೋರ್ಟಿನಲ್ಲಿ ಹಿಂದಿನ ಸಾಲಿನಲ್ಲಿ ಸ್ಟುಡಿಯೋದ ಏಳೆಂಟು ಜನ ಬಂದು ಕುಳಿತಿದ್ದರು. ಸಾಕ್ಷಿಗೆ ಅಲ್ಲ, ಸುಮ್ಮನೆ, ನನ್ನ ಮುಖ ನೋಡಿ. ಎಲ್ಲ ನನ್ನ ಕೈಕೆಳಗೆ ಬೋರಲು ಮಲಗಿದವರೇ. ಇನ್ನೊಂದು ಪಕ್ಕ ಗುಂಪಿನವರು, ಕಪ್ಪು ಕೋಟಿನಲ್ಲಿ. ತಮೋತ್ಸು ನನ್ನ ಕಡೆ ತಿರುಗಲಿಲ್ಲ.

ಚಿತ್ರದ ಆ ತುಣುಕು ತೋರಿಸಿದರು. ಅದು ನಿಮ್ಮ ಮಗನ ಬೆನ್ನೇ ಎಂದು ಮಿಝುನೊ ಕೇಳಿದರು. ನಿಮ್ಮ ಕಾಗದ ನನ್ನ ಎದೆಯ ಜೇಬಿನಲ್ಲಿತ್ತು. ಹೌದು ಎಂದೆ. ಆಣೆ ಮಾಡಿದ ಮೇಲೆ ಸುಳ್ಳು ಹೇಳಿದೆ. ಅವನು ಅಂದು ಅಲ್ಲಿದ್ದ ಎಂಬುದು ನಿಜವಲ್ಲವೇ, ನಿಜಕ್ಕೆ ಹೋಗುವ ದಾರಿಯಲ್ಲಿ ಒಂದು ಸುಳ್ಳು ಎಂದುಕೊಂಡೆ. ಮಿಝುನೊ ಅವರಿಗೂ ಸುತ್ತಿನ ವಿಷಯ ಹೇಳಿರಲಿಲ್ಲ. ತಮೋತ್ಸು ಎದ್ದು, "ಅದು ನನ್ನ ಬೆನ್ನಲ್ಲ. ಅಪ್ಪನಿಗೆ ವಯಸ್ಸಾಗಿದೆ" ಅಂದ. ಎಷ್ಟು ಮೆತ್ತಗೆ ಹೇಳಿದ ಗೊತ್ತೇ?

ಆಮೇಲೆ ಓಗುರನನ್ನು ಕರೆದರು. ಎರಡೂ ದಿನ ನನ್ನ ಬೆನ್ನೇ ಎಂದು ಹೇಳಿ ಹೋದ. ಮತ್ತೆ ನನ್ನನ್ನು ನಿಲ್ಲಿಸಿದರು. ಸರ್ಕಾರಿ ವಕೀಲರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೇಳಿದರು.

"ಹದಿನೇಳರಂದು ಓಗುರನ ಬೆನ್ನ ಮೇಲೂ ಇದೇ ಮೀನು ಬರೆದಿರಾ?"

"ಬರೆದೆ."

ವ್ಯತ್ಯಾಸ ಇದ್ದೇ ಇರುತ್ತೆ ಅಂತ ಹೇಳಿದರೆ ಸಾಕು, ಉಳಿದದ್ದು ನನಗೆ ಬಿಡಿ ಎಂದು ಮಿಝುನೊ ಹಿಂದಿನ ದಿನವೇ ಮೂರು ಸಲ ಹೇಳಿಕೊಟ್ಟಿದ್ದರು. ಹಾಗೆ ಹೇಳಿದ್ದರೆ ಅವರು ಗೆರೆಗೆ ಗೆರೆ ಹೋಲಿಸಿ ನೋಡಿ ಎಂದು ಕೇಳುವವರಿದ್ದರು.

"ಕೈಯಿಂದ ಬರೆದದ್ದು," ಎಂದರು ಸರ್ಕಾರಿ ವಕೀಲರು. "ಅಂದು ಬೆಳಿಗ್ಗೆ ಮಗನ ಸುದ್ದಿ ಬೇರೆ ಬಂದಿತ್ತು. ಕೈ ನಡುಗಿರಬಹುದು. ವಯಸ್ಸೂ ಆಯ್ತಲ್ಲ. ಎರಡನೇ ಮೀನು ಸ್ವಲ್ಪ ಕೆಟ್ಟಿರಬೇಕಲ್ವೇ?"

ಹಿಂದಿನ ಸಾಲಿನವರು ನನ್ನನ್ನೇ ನೋಡುತ್ತಿದ್ದರು. ಮೂವತ್ತೊಂದು ವರ್ಷ, ಹಿಸಾನೊ ಅವರೇ. ಕೈ ನಡುಗಿತು ಎಂದು ಯಾರೂ ಅಂದಿರಲಿಲ್ಲ.

"ಒಂದು ಹುರುಪೆಯೂ ತಪ್ಪಿಲ್ಲ," ಅಂದೆ. "ನನ್ನ ಕೈಯದ್ದಾದರೆ ಎರಡು ಬೆನ್ನನ್ನು ಅಕ್ಕಪಕ್ಕ ನಿಲ್ಲಿಸಿದರೂ ಯಾರೂ ಬೇರೆ ಮಾಡಲಾರರು."

"ನೀವೂ?"

"ನಾನೂ."

ಅವರು ಕನ್ನಡಕ ಹಾಕಿಕೊಂಡು ಕುಳಿತರು. ಮಿಝುನೊ ತಲೆ ತಗ್ಗಿಸಿದರು. ಏನು ಹೇಳಿದೆ ಎಂದು ನನಗೆ ಹೊಳೆದದ್ದು ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ. ದೊಡ್ಡ ಸುಳ್ಳನ್ನು ಸಲೀಸಾಗಿ ಹೇಳಿದವನಿಗೆ ಈ ಸಣ್ಣ ಸುಳ್ಳಿಗೆ ನಾಲಗೆ ಹೊರಳಲಿಲ್ಲ. ಮಗನಿಗೆ ಬುದ್ಧಿ ಹೇಳಲು ಹೋದವನು ನಾನು.

ಇಂತು,
ತೊಕುಜಿ


ಒಸಾಕಾ, ಬಂದೀಖಾನೆ
10 ಜೂನ್ 1970

ಅಪ್ಪನವರಿಗೆ,

ಚಳಿಯ ಬನಿಯನ್ ಇನ್ನು ಕಳಿಸಬೇಡಿ, ಇಲ್ಲಿ ಸೆಕೆ ಶುರುವಾಗಿದೆ. ಊಟ ಸರಿಯಾಗಿ ಮಾಡುತ್ತಿದ್ದೇನೆ.

ನೀವು ಬಾಯಿ ಬಿಟ್ಟರೆ ಮುಖ ನೋಡುವುದಿಲ್ಲ ಎಂದಿದ್ದೆ. ಆ ಮಾತು ವಾಪಸು ತೆಗೆದುಕೊಂಡಿದ್ದೇನೆ. ಕೋರ್ಟಿನಲ್ಲಿ ಮೊದಲು ನೀವು ಹೇಳಿದ್ದು ಕೇಳಿ ನನಗೆ ಸಿಟ್ಟು ಬಂದಿತ್ತು. ಕೊನೆಯಲ್ಲಿ ಹೇಳಿದ್ದು ಕೇಳಿ ಎದೆ ತುಂಬಿತು. ಎಲ್ಲರ ಮುಂದೆ, ಅಷ್ಟು ದೊಡ್ಡ ವಕೀಲರ ಮುಂದೆ, ನಿಮ್ಮ ಕೆಲಸವನ್ನು ನೀವು ಬಿಟ್ಟುಕೊಡಲಿಲ್ಲ. ಗಂಡಸಿನ ಹಾಗೆ ಮಾತಾಡಿದಿರಿ. ನಾನು ನಿಮ್ಮ ಮಗ ಎಂದು ಮೊದಲ ಸಲ ಅನಿಸಿತು.

ಇನ್ನು ಓಡಾಡಬೇಡಿ. ಬೆನ್ನಿನ ಹಚ್ಚೆ ಅರ್ಧಕ್ಕೇ ನಿಂತಿದೆ ಎಂದು ಇಲ್ಲಿನವರು ನಗುತ್ತಾರೆ. ಹೊರಗೆ ಬಂದ ಮೇಲೆ ತುಂಬಿಸುತ್ತೇನೆ. ಬಣ್ಣ ಯಾವುದೆಂದು ನೀವೇ ಹೇಳಬೇಕು.

ತಮೋತ್ಸು


ಮಿಯಾಝು
16 ಜೂನ್ 1970

ತೊಕುಜಿ ಅವರಿಗೆ,

ಕೋರ್ಟಿನಿಂದ ನನಗೆ ಆದೇಶ ಬಂದಿದೆ. ದೃಶ್ಯ 87 ಇರುವ ಪುಸ್ತಕವನ್ನು ಜುಲೈ ಏಳರ ವಿಚಾರಣೆಗೆ ಒಪ್ಪಿಸಬೇಕಂತೆ. ನನ್ನ ಮಂಡಿಗೆ ಅಷ್ಟು ದೂರ ಆಗುವುದಿಲ್ಲ. ಇಪ್ಪತ್ತೇಳಕ್ಕೆ ರಿಜಿಸ್ಟರ್ ಟಪಾಲಿನಲ್ಲಿ ಹಾಕುತ್ತೇನೆ.

ಆರಿಸಿದ ತುಣುಕು ಹದಿನಾರರದು ಎಂದು ಪುಸ್ತಕದಲ್ಲಿದ್ದರೆ, ಓಗುರನನ್ನು ಮತ್ತೆ ಕರೆಸಿ ಹಿಂಡಬಹುದು, ಇಬ್ಬರ ಬೆನ್ನಿನ ಅಳತೆ ತೆಗೆಸಬಹುದು, ಇನ್ನೂ ದಾರಿ ಇದೆ ಎಂದು ನಿಮ್ಮ ಮಿಝುನೊ ನನಗೆ ಬರೆದಿದ್ದಾರೆ. ಪಾಪ, ಸುತ್ತು ಎಲ್ಲಿದೆ ಎಂದು ಅವರಿಗೆ ನೀವಿನ್ನೂ ಹೇಳಿಲ್ಲ. ನಾನೂ ಉತ್ತರ ಬರೆದಿಲ್ಲ.

ನೀವು ಕೋರ್ಟಿನಲ್ಲಿ ಹೇಳಿದ್ದಕ್ಕೆ ನಾನು ಬೈಯುವುದಿಲ್ಲ. ನಾಲ್ಕು ಹುರುಪೆ ಕಡಿಮೆ ಇದೆ ಎಂದು ಅಂದು ನಾನು ಹೇಳದಿದ್ದರೆ, ಹದಿನೇಳರದು ಹೊಂದುವುದಿಲ್ಲವೆಂದು ಹದಿನಾರರ ತುಣುಕನ್ನೇ ಆರಿಸುತ್ತಿದ್ದರು, ಇಂದು ಆ ನಾಲ್ಕು ಹುರುಪೆಯೇ ನಿಮ್ಮ ಮಗನನ್ನು ಬಿಡಿಸುತ್ತಿದ್ದವೋ ಏನೋ. ನನ್ನ ಕಣ್ಣು ಒಳ್ಳೆಯದೆಂದು ಎಲ್ಲರೂ ಹೊಗಳುತ್ತಿದ್ದರು.

ಹಿಸಾನೊ


ಕ್ಯೋಟೊ
20 ಜೂನ್ 1970

ಹಿಸಾನೊ ಅವರಿಗೆ,

ಇಲ್ಲಿ ಮಳೆ ಹಿಡಿದಿದೆ. ಅಲ್ಲೂ ಇರಬೇಕು. ಮಂಡಿಗೆ ಬಿಸಿ ಉಪ್ಪಿನ ಕಾವು ಕೊಡಿ. ಟಪಾಲಿಗೆ ಹಾಕುವ ಮೊದಲು ಪುಸ್ತಕಕ್ಕೆ ಎಣ್ಣೆ ಕಾಗದ ಸುತ್ತಿ, ಒದ್ದೆಯಾದೀತು.

ಅವನ ಕಾಗದ ಬಂತು. ನಾನು ಗಂಡಸಿನ ಹಾಗೆ ಮಾತಾಡಿದೆನಂತೆ. ಓದಿ ನಾನು ಅಂಗಳಕ್ಕೆ ಹೋಗಿ ಕುಳಿತೆ. ಅವನು ಹೊಗಳಿದ್ದು ಇದೇ ಮೊದಲು. ಹೊಗಳಿದ್ದು ಯಾವುದಕ್ಕೆ ನೋಡಿ. ಚಿಕ್ಕಂದಿನಲ್ಲಿ ಅವನನ್ನು ಬಣ್ಣದ ಕೋಣೆಯ ಮೂಲೆಯಲ್ಲಿ ಕೂರಿಸಿಕೊಂಡು ನಾನು ಕಲಿಸಿದ್ದು ಇದನ್ನೇ ಇರಬೇಕು. ಏನೂ ಕಲಿಸಲಿಲ್ಲ ಎಂದುಕೊಂಡಿದ್ದೆ.

ಸ್ಟುಡಿಯೋಗೆ ಹೋಗುತ್ತಿದ್ದೇನೆ. ನಿನ್ನೆ ಹೊಸ ಚಿತ್ರಕ್ಕೆ ಇಬ್ಬರ ಬೆನ್ನು ಮುಗಿಸಿದೆ. ಕೈ ನಡುಗುವುದಿಲ್ಲ. ನಡುಗಿದ್ದರೆ ಚೆನ್ನಾಗಿತ್ತು.

ನೀವು ಇಪ್ಪತ್ತಾರು ವರ್ಷದಲ್ಲಿ ಕ್ಯಾಮೆರಾದ ಮುಂದೆ ನಡೆಯದ ಒಂದು ಅಕ್ಷರವನ್ನೂ ಬರೆದವರಲ್ಲ ಎಂದು ನನಗೆ ಗೊತ್ತು. ನಿರ್ದೇಶಕರು ಕೂಗಾಡಿದರೂ ತಿದ್ದಿದವರಲ್ಲ. ಅದು ನಿಮ್ಮ ಮರ್ಯಾದೆ. ಕುಜೆಗೆ ಯಜಮಾನರ ಮಾತು, ತಮೋತ್ಸುವಿಗೆ ಕುಜೆ, ನನಗೆ ಕುಂಚ, ನಿಮಗೆ ಆ ಪುಸ್ತಕ. ಎಲ್ಲರೂ ಅವರವರದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಒಳಗೆ ಕುಳಿತಿರುವವನು ಅವನೊಬ್ಬನೇ.

ನಾನು ಏನನ್ನೂ ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಶಾಟಿನ ವಿವರವನ್ನು ನೀವು ಸ್ಥಳದಲ್ಲೇ ಬರೆಯುತ್ತಿದ್ದಿರಿ. ಸುತ್ತು ಹಾಕುತ್ತಿದ್ದದ್ದು ಸಂಕಲನದ ಕೋಣೆಯಲ್ಲಿ, ಕೈಗೆ ಸಿಕ್ಕಿದ್ದರಲ್ಲಿ. ಕೆಲವೊಮ್ಮೆ ಪೆನ್ನು, ಕೆಲವೊಮ್ಮೆ ಪೆನ್ಸಿಲು. ಇಪ್ಪತ್ತೇಳಕ್ಕೆ ಇನ್ನೂ ಏಳು ದಿನ ಇದೆ. ಪುಸ್ತಕ ಕಟ್ಟುವ ಮೊದಲು ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿ, ಹಿಸಾನೊ ಅವರೇ. ಹದಿನೇಳರ ಮುಂದಿನ ಆ ಸುತ್ತು ಶಾಯಿಯದೋ, ಪೆನ್ಸಿಲಿನದೋ?

ಇಂತು ನಿಮ್ಮ,
ನಿಶಿವಾಕಿ ತೊಕುಜಿ